ಎಡಕ್ಕೆ ತಿರುಗದ ಮೋಟಾರ್ ಸೈಕಲ್ಲು

ಮದುವೆಯಾದ ಮರುವರ್ಷ ನನ್ನ ಗಂಡ ಒಂದು ಹಳೆಯ ಮೋಟಾರ್ ಸೈಕಲ್ಲು ತಂದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ್ದ ಗಾಡಿ. ಯಾರ್ಯಾರದೋ ಕೈ ದಾಟಿ ಕಾಸರಗೋಡು ಪೇಟೆಗೆ ಬರುವಷ್ಟರಲ್ಲಿ ಅದರ ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋಗಿ, ಹಳೆಯ ಕಂಚಿನ ಪಾತ್ರೆಯ ಹಾಗೆ ಕಾಣುತ್ತಿತ್ತು. ಅವರಿಗೆ ಪೇಟೆಯಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ಇತ್ತು. ಮದುವೆಯ ಕಾಲ ಬಂತೆಂದರೆ ಊರೂರು ತಿರುಗಬೇಕು. ಬಸ್ಸು ಹೋಗುವ ಊರುಗಳು ಕಡಿಮೆ. ಎತ್ತಿನ ಗಾಡಿಯಲ್ಲಿ ಹೋದರೆ ಮುಹೂರ್ತ ಮುಗಿದು ಊಟದ ಹೊತ್ತಿಗೆ ತಲುಪುವುದು. ಮೋಟಾರ್ ಸೈಕಲ್ಲು ಬಂದ ಮೇಲೆ ಆ ಚಿಂತೆ ಹೋಯಿತು. ಆದರೆ ಫೋಟೋ ತೆಗೆಯುವ ಗಾಜಿನ ಪ್ಲೇಟುಗಳನ್ನು ಒಡೆಯದಂತೆ ಮಡಿಲಲ್ಲಿ ಹಿಡಿದುಕೊಳ್ಳಲು ಒಬ್ಬರು ಬೇಕಾಯಿತು. ಹಾಗೆ ನಾನು ಹಿಂದಿನ ಸೀಟಿಗೆ ಹತ್ತಿದೆ.

ಹೆಂಗಸೊಬ್ಬಳು ಮೋಟಾರ್ ಸೈಕಲ್ಲಿನಲ್ಲಿ ಕೂತು ಹೋಗುವುದನ್ನು ನೋಡಲು ಜನ ಅಂಗಡಿಯಿಂದ ಹೊರಗೆ ಬರುತ್ತಿದ್ದ ಕಾಲವದು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಗಾಳಿಯ ರುಚಿ ಹತ್ತಿತು. ಮೊಗ್ರಾಲಿನ ಕಡೆಗೆ ಹೋಗುವಾಗ ತೆಂಗಿನ ಮರಗಳ ನಡುವಿನಿಂದ ಕಡಲ ಗಾಳಿ ಬಂದು ಸೆರಗು ಹಾರಿದರೆ, ಇನ್ನೂ ಸ್ವಲ್ಪ ದೂರ ಇರಬಾರದಿತ್ತೇ ಈ ದಾರಿ ಅನ್ನಿಸುತ್ತಿತ್ತು.

ಆ ಮಳೆಗಾಲ ಕಳೆದ ಮೇಲೆ ಗಾಡಿಗೆ ಒಂದು ಕಾಯಿಲೆ ಹಿಡಿಯಿತು. ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ಒಮ್ಮೆ ಬಿಕ್ಕಳಿಸಿ ನಿಂತುಬಿಡುತ್ತಿತ್ತು. ಇಳಿದು, ರಸ್ತೆಯ ಪಕ್ಕಕ್ಕೆ ನೇರ ನಿಲ್ಲಿಸಿ ಒದ್ದರೆ ಏನೂ ಆಗದ ಹಾಗೆ ಮತ್ತೆ ಹೊರಡುತ್ತಿತ್ತು. ನನ್ನ ಗಂಡ ಪೆಟ್ರೋಲಿನ ಕೊಳವೆ ಬಿಚ್ಚಿ ಊದಿದರು. ಪ್ಲಗ್ಗು ತೆಗೆದು ಮಸಿ ಕೆರೆದರು. ಪ್ಲಗ್ಗನ್ನು ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟು, ನನ್ನ ಹತ್ತಿರ ಕಿಕ್ಕರ್ ಒತ್ತಿಸಿ, ಕಿಡಿ ಹಾರುತ್ತದೆಯೇ ಎಂದು ಬಗ್ಗಿ ನೋಡಿದರು. ನೀಲಿ ಕಿಡಿ ಚಟಪಟ ಹಾರುತ್ತಿತ್ತು. ಬಸ್ಸುಗಳ ರಿಪೇರಿ ಮಾಡುವ ಗೆಳೆಯರೊಬ್ಬರನ್ನು ಮನೆಗೆ ಕರೆಸಿದೆವು. ಅವರ ಮುಂದೆ ಸ್ಟ್ಯಾಂಡಿನ ಮೇಲೆ ನಿಂತು ಅದು ಬಹಳ ಮರ್ಯಾದೆಯಿಂದ ಓಡಿತು. ಅವರು ಕಾಫಿ ಕುಡಿದು, ಕಾಯಿಲೆ ಗಾಡಿಗೋ ಓಡಿಸುವವರಿಗೋ ಎಂದು ಕೇಳಿ ನಗುತ್ತಾ ಹೋದರು.

ಮುಂದಿನ ಬೇಸಗೆಯಲ್ಲಿ ನೆಕ್ರಾಜೆಯ ಕಡೆ ಒಂದು ದೊಡ್ಡ ಮನೆಯ ಮದುವೆಗೆ ನಮ್ಮನ್ನು ಕರೆದಿದ್ದರು. ಬೆಳಗ್ಗೆ ಬೇಗನೆ ಹೊರಟೆವು. ಕ್ಯಾಮರಾದ ಮರದ ಪೆಟ್ಟಿಗೆಯನ್ನೂ ಮೂರು ಕಾಲಿನ ಸ್ಟ್ಯಾಂಡನ್ನೂ ಹಿಂದೆ ಕಟ್ಟಿ, ಪ್ಲೇಟುಗಳ ಕಟ್ಟನ್ನು ನಾನು ಮಗುವಿನ ಹಾಗೆ ಎತ್ತಿಕೊಂಡಿದ್ದೆ. ದೊಡ್ಡ ರಸ್ತೆಯುದ್ದಕ್ಕೂ ಗಾಡಿ ಸಲೀಸಾಗಿ ಓಡಿತು. ಮದುವೆಮನೆಗೆ ಹೋಗುವ ಮಣ್ಣಿನ ದಾರಿ ಎಡಕ್ಕೆ ಸಿಕ್ಕಿತು. ತಿರುಗಿಸಿದ್ದೇ ತಡ, ನಿಂತಿತು. ಒದ್ದು ಹೊರಡಿಸಿ ಸ್ವಲ್ಪ ದೂರ ಹೋದೆವು. ಅಲ್ಲೊಂದು ಕೆಂಪು ಮುರಕಲ್ಲಿನ ಗೋಡೆಯ ಮೂಲೆಯಲ್ಲಿ ಮತ್ತೆ ನಿಂತಿತು. ಮುಂದೆ ಮುಳಿಹುಲ್ಲು ಒಣಗಿದ ವಿಶಾಲವಾದ ಪದವು, ಅಂದರೆ ಮುರಕಲ್ಲಿನ ಬಯಲು. ಅದರಾಚೆ ಮದುವೆಯ ಚಪ್ಪರ ಕಾಣುತ್ತಿತ್ತು. ವಾದ್ಯದ ಸದ್ದೂ ಕೇಳುತ್ತಿತ್ತು.

ಅವರು ಅಂಗಿಯ ತೋಳು ಮಡಚಿ ಪ್ಲಗ್ಗಿಗೆ ಕೈ ಹಾಕಿದರು. ನಾನು ತಡೆದೆ.

"ಅದನ್ನು ಬಿಡಿ. ಎಡಕ್ಕೆ ತಿರುಗಿಸುವಾಗ ಮಾತ್ರ ನಿಲ್ತದೆ ಇದು."

"ನಿನಗೆ ಹೇಗೆ ಗೊತ್ತು ಮಾರಾಯ್ತಿ?"

"ನನ್ನ ಕಾಲಿಗೆ ಗೊತ್ತು."

ನಿಜವಾಗಿಯೂ ಹಾಗೆಯೇ. ಸೀರೆಯುಟ್ಟು ಅಡ್ಡ ಕೂರುವ ನನ್ನ ಕಾಲುಗಳು ಎಡಗಡೆಗೆ ಇಳಿಬಿದ್ದಿರುತ್ತಿದ್ದವು. ಗಾಡಿ ಎಡಕ್ಕೆ ವಾಲಿದಾಗಲೆಲ್ಲ ನೆಲಕ್ಕೆ ತಾಗೀತೆಂದು ಹೆದರಿ ಮೇಲಕ್ಕೆಳೆದುಕೊಳ್ಳುತ್ತಿದ್ದೆ. ಮೊಗ್ರಾಲಿನ ಮೀನಿನ ಅಂಗಡಿಯ ಮುಂದೆ, ಶಿರಿಯದಲ್ಲಿ ಹೊಳೆಗೆ ಇಳಿಯುವಲ್ಲಿ, ಈಗ ಈ ಗೋಡೆಯ ಮೂಲೆಯಲ್ಲಿ, ನಿಂತ ಕಡೆಯಲ್ಲೆಲ್ಲ ನನ್ನ ಕಾಲು ಮೇಲಿತ್ತು. ಹಾಗೆಂದು ವಿವರಿಸಿದೆ. ಅವರು ನನ್ನ ಕಾಲನ್ನೂ ಗಾಡಿಯನ್ನೂ ಸರದಿಯಂತೆ ನೋಡಿದರು. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಎಂಜಿನ್ನು ಶುರು ಮಾಡಿ, ಹ್ಯಾಂಡಲ್ಲನ್ನು ಮೆಲ್ಲ ಬಲಕ್ಕೆ ತಿರುಗಿಸಿದರು. ಓಡುತ್ತಲೇ ಇತ್ತು. ಎಡಕ್ಕೆ ಪೂರ್ತಿ ತಿರುಗಿಸಿದರು. ನಿಂತಿತು. ಮತ್ತೊಮ್ಮೆ ಮಾಡಿ ನೋಡಿದರು. ಮತ್ತೆ ನಿಂತಿತು. ತಿಂಗಳುಗಟ್ಟಲೆ ಹುಡುಕಿದ್ದು ಕೈಗೆ ಸಿಕ್ಕ ಸಂತೋಷಕ್ಕೆ ಅವರು ನಡುದಾರಿಯಲ್ಲಿ ಜೋರಾಗಿ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಹ್ಯಾಂಡಲ್ಲಿನಲ್ಲಿ ಎಂಜಿನ್ನು ನಿಲ್ಲಿಸಲು ಒಂದು ಗುಂಡಿ ಇತ್ತು. ಅದರಿಂದ ಹೊರಟ ವಯರು ದೀಪದ ಹಿಂದೆ ನುಸುಳಿ ಕೆಳಗೆ ಹೋಗುತ್ತಿತ್ತು. ಅದು ಎಲ್ಲೋ ಸವೆದು ಕಬ್ಬಿಣಕ್ಕೆ ತಾಗುತ್ತಿರಬೇಕು, ಹಾಗೆ ತಾಗಿದರೆ ಗುಂಡಿ ಒತ್ತಿದಂತೆಯೇ ಎಂದು ಅವರು ಹೇಳಿದರು. ಆದರೆ ದೀಪ ಬಿಚ್ಚಿ ನೋಡಲು ಹೊತ್ತಿರಲಿಲ್ಲ. ಮುಹೂರ್ತ ಹತ್ತಿರ ಬಂದಿತ್ತು.

"ಹಾಗಾದರೆ ಬಲಕ್ಕೇ ಹೋಗುವ. ಪದವು ಇಷ್ಟು ದೊಡ್ಡದು ಉಂಟಲ್ಲ," ಎಂದರು.

ಎಡಕ್ಕೆ ತಿರುಗಬೇಕಾದಲ್ಲಿ ನಾವು ಬಲಕ್ಕೆ ತಿರುಗಿ, ಪದವಿನಲ್ಲಿ ದೊಡ್ಡ ಸುತ್ತು ಹಾಕಿ, ಬೇಕಾದ ದಿಕ್ಕಿಗೆ ಮುಖ ಮಾಡಿದೆವು. ಮನೆಯ ಗೇಟೂ ಎಡಕ್ಕೇ ಇತ್ತು. ಅದನ್ನು ದಾಟಿ ಮುಂದೆ ಹೋಗಿ, ಪದವಿನಲ್ಲಿದ್ದ ಗೋಳಿಮರಕ್ಕೆ ಒಂದು ಪ್ರದಕ್ಷಿಣೆ ಬರಬೇಕಾಯಿತು. ಚಪ್ಪರದಲ್ಲಿದ್ದವರೆಲ್ಲ ಎದ್ದು ನಿಂತಿದ್ದರು. ನಾಗಸ್ವರದವರು ಊದುವುದನ್ನು ನಿಲ್ಲಿಸಿದರು. ಬ್ರೇಕು ಹೋಗಿದೆಯೆಂದು ಭಾವಿಸಿದ ಮದುಮಗಳ ಸೋದರಮಾವ ಕೊಡೆ ಹಿಡಿದುಕೊಂಡು ನಮ್ಮ ಹಿಂದೆ ಓಡಿ ಬಂದರು. ಕೊನೆಗೆ ನಾವು ನೇರವಾಗಿ ಗೇಟಿನೊಳಗೆ ನುಗ್ಗಿ ನಿಂತಾಗ, ಏದುಸಿರು ಬಿಡುತ್ತಾ ಅವರು ಕೇಳಿದ್ದು ಇಷ್ಟೇ: "ಇದು ಎಂತ ಮಾರಾಯ್ರೇ, ಸರ್ಕಸ್ಸಾ?"

ಕಾರಣ ತಿಳಿದ ಮೇಲೆ ಅವರೂ ನಕ್ಕರು. ಧಾರೆಯ ಫೋಟೋ ಸರಿಯಾದ ಹೊತ್ತಿಗೆ ಆಯಿತು.

ಗಂಡಿನವರನ್ನೂ ಹೆಣ್ಣಿನವರನ್ನೂ ಒಟ್ಟಿಗೆ ನಿಲ್ಲಿಸುವಾಗ ಮಾತ್ರ ಒಂದು ತೊಡಕು ಬಂತು. ಮದುಮಗಳ ಅಜ್ಜಿ, ಆ ಮನೆಗೇ ಹಿರಿಯರು, ಫೋಟೋಕ್ಕೆ ಬರಲೊಪ್ಪಲಿಲ್ಲ. ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ ಗಂಡಸು ಒಳಗಿಂದ ತನ್ನನ್ನು ನೋಡುವುದು ಬೇಡವೆಂದು ತುಳುವಿನಲ್ಲಿ ಖಡಾಖಂಡಿತ ಹೇಳಿ ಜಗಲಿಯಲ್ಲೇ ಕೂತರು. ಮೊಮ್ಮಗಳು ಕಣ್ಣಲ್ಲಿ ನೀರು ತಂದುಕೊಂಡರೂ ಕದಲಲಿಲ್ಲ.

ಊಟವಾದ ಮೇಲೆ ನಾವು ಅಂಗಳದಲ್ಲಿ ಗಾಡಿಯ ದೀಪ ಬಿಚ್ಚಿದೆವು. ನಾನು ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿ ಹಿಡಿದೆ. ಅವರು ಬೆರಳಿನಿಂದ ವಯರನ್ನು ಸವರುತ್ತಾ ಹೋದರು. ಮೇಲೆ ಸುತ್ತಿದ್ದ ನೂಲು ಒಂದು ಕಡೆ ಪೂರಾ ಸವೆದು, ತಾಮ್ರ ಹೊಳೆಯುತ್ತಿತ್ತು. ಸಂಶಯವೇ ಉಳಿಯಬಾರದೆಂದು ವಯರಿನ ಕೆಳಗಿನ ತುದಿ ಕಳಚಿ ಎಂಜಿನ್ನು ಶುರು ಮಾಡಿದರು. ಈಗ ಎಡಕ್ಕೆ ತಿರುಗಿಸಿದರೂ ಓಡಿತು. ಆದರೆ ಗುಂಡಿ ಒತ್ತಿದರೆ ನಿಲ್ಲದು. ಗೇರಿಗೆ ಹಾಕಿ, ಬ್ರೇಕು ಒತ್ತಿ, ಹಠಮಾರಿ ಹೋರಿಯನ್ನು ನಿಲ್ಲಿಸಿದಂತೆ ನಿಲ್ಲಿಸಬೇಕಾಯಿತು. ಸೈಕಲ್ಲಿನಲ್ಲಿ ಬಂದಿದ್ದ ನೆಂಟರೊಬ್ಬರು ಟ್ಯೂಬಿನ ತುಂಡು ಕೊಟ್ಟರು. ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸರು ಬಾಳೆನಾರು ಕೊಟ್ಟರು. ರಬ್ಬರು ಸುತ್ತಿ, ಅದರ ಮೇಲೆ ನಾರನ್ನು ಬಿಗಿದು ಕಟ್ಟಿದೆ. ಹೂ ಕಟ್ಟಿ ಅಭ್ಯಾಸವಿದ್ದ ಕೈ ನನ್ನದು. ಅವರು ವಯರಿನ ತುದಿಯನ್ನು ಮತ್ತೆ ಸಿಕ್ಕಿಸಿದರು.

ಅಜ್ಜಿ ಎಲ್ಲವನ್ನೂ ನೋಡುತ್ತಿದ್ದರು. ಗಾಡಿ ಮತ್ತೆ ಶುರುವಾದಾಗ ಜಗಲಿಯಿಂದ ಇಳಿದು ಬಂದು, ಸೀಟಿನ ಮೇಲೆ ಕೈಯಿಟ್ಟು, ಕನ್ನಡದಲ್ಲಿಯೇ ನನ್ನನ್ನು ಕೇಳಿದರು. "ನೀನು ಕೂತುಕೊಳ್ತೀಯಲ್ಲ, ಬೀಳುದಿಲ್ವಾ?"

ಇಲ್ಲ ಎಂದೆ. ಹಾಗಾದರೆ ತನಗೂ ಒಂದು ಸುತ್ತು ಬೇಕು ಎಂದರು.

ಮಕ್ಕಳು, ಅಳಿಯಂದಿರು ಎಲ್ಲ ಬೇಡವೆಂದರು. ಅಜ್ಜಿ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹಿಡಿದು ಕೂರಿಸಿದೆ. ನನ್ನ ಗಂಡ ಅವರನ್ನು ಕೂರಿಸಿಕೊಂಡು ನಡಿಗೆಯ ವೇಗದಲ್ಲಿ ಪದವಿಗೆ ಹೋದರು. ಮದುವೆಗೆ ಬಂದವರಲ್ಲಿ ಅರ್ಧ ಜನ ಪಕ್ಕದಲ್ಲೇ ನಡೆದರು. ಗೋಳಿಮರದ ಕೆಳಗೆ ಗಾಡಿ ನಿಲ್ಲಿಸಿದರು, ಆದರೆ ಅಜ್ಜಿ ಇಳಿಯಲೊಲ್ಲರು. ಕೂತಲ್ಲೇ ಬೊಚ್ಚುಬಾಯಿ ತೆರೆದು ನಗುತ್ತಿದ್ದರು. ಗಾಡಿ ವಾಲದಂತೆ ನನ್ನ ಗಂಡ ಅದನ್ನು ಹಿಡಿದು ನಿಲ್ಲಲೇಬೇಕು. ಅಲ್ಲಿಂದಲೇ ನನ್ನತ್ತ ನೋಡಿ, ಕ್ಯಾಮರಾ ತಾ, ನೀನೇ ತೆಗೆ ಎಂದರು.

ಅದುವರೆಗೆ ನಾನು ಪ್ಲೇಟು ತುಂಬಿಸಿ ಕೊಟ್ಟಿದ್ದೆನೇ ಹೊರತು ಒಂದು ಫೋಟೋ ತೆಗೆದವಳಲ್ಲ. ಕಪ್ಪು ಬಟ್ಟೆಯೊಳಗೆ ತಲೆ ಹಾಕಿದೆ. ಕ್ಯಾಮರಾದ ಹಿಂದಿನ ಗಾಜಿನಲ್ಲಿ ಎಲ್ಲವೂ ಬುಡಮೇಲಾಗಿ ಕಾಣುತ್ತದೆ. ಅಜ್ಜಿಯೂ ತಲೆಕೆಳಗಾಗಿ ನಗುತ್ತಿದ್ದರು. ಹೊರಗೆ ಬಂದು, ಪ್ಲೇಟು ಹಾಕಿ, ಅಲ್ಲಾಡಬೇಡಿ ಎಂದೆ. ಹೆಂಗಸಿನ ದನಿ ಕೇಳಿ ಅವರು ಕ್ಯಾಮರಾವನ್ನು ನೇರವಾಗಿ ನೋಡಿದರು. ಒತ್ತಿದೆ.

ಪ್ಲೇಟು ತೊಳೆದು ನೋಡಿದಾಗ ಅಜ್ಜಿಯ ಒಂದು ಕೈ ಅಲ್ಲಾಡಿತ್ತು, ಮುಖ ಮಾತ್ರ ಸ್ಪಷ್ಟವಾಗಿ ಬಂದಿತ್ತು. ಸೋದರಮಾವ ಸ್ಟುಡಿಯೋಕ್ಕೆ ಬಂದು ಅದನ್ನು ದೊಡ್ಡದು ಮಾಡಿಸಿಕೊಂಡು ಹೋದರು. ಹೆಂಗಸೊಬ್ಬಳು ಫೋಟೋ ತೆಗೆಯುತ್ತಾಳೆಂಬ ಮಾತು ಬೇಗ ಹಬ್ಬಿತು. ಗಂಡಸರ ಮುಂದೆ ಬರದ ಹೆಂಗಸರಿದ್ದ ಮನೆಗಳಿಂದ ಕರೆ ಬರತೊಡಗಿತು. ಮೊದಲು ಹೇಳಿಕಳಿಸಿದ್ದು ಮೊಗ್ರಾಲಿನ ಒಂದು ಬ್ಯಾರಿ ಮುಸ್ಲಿಮರ ಮನೆ. ಅಲ್ಲಿ ನನ್ನ ಗಂಡನನ್ನು ಜಗಲಿಯಲ್ಲಿ ಚಾ ಕೊಟ್ಟು ಕೂರಿಸಿದರು. ನಾನು ಕ್ಯಾಮರಾ ಎತ್ತಿಕೊಂಡು ಒಳಗೆ ಹೋದೆ. ಅತ್ತರಿನ ಪರಿಮಳದ ಆ ಕೋಣೆಯಲ್ಲಿ ತಾಯಿ, ಮಗಳು, ಸೊಸೆಯಂದಿರೆಲ್ಲ ಹೊಸ ಬಟ್ಟೆ ತೊಟ್ಟು, ಯಾರು ಎಲ್ಲಿ ಕೂರುವುದೆಂದು ನಗುತ್ತಾ ಜಗಳವಾಡುತ್ತಿದ್ದರು.