ಓರೆ ಬಿದ್ದ ತುಣುಕು

ಓರುರೊ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಕಾಸಿಲ್ದಾ ಚೋಕೆ ಇಪ್ಪತ್ತೆರಡು ವರ್ಷ ಕರುಳು ಕೊಯ್ದಳು. ವೈದ್ಯರು ಮಕ್ಕಳ ಸಣ್ಣ ಕರುಳಿನಿಂದ ಚಿವುಟಿ ತೆಗೆದ, ಸಾಸಿವೆಯಷ್ಟು ತುಣುಕನ್ನು ಮೇಣದಲ್ಲಿ ಹೂತು, ಕೂದಲಿಗಿಂತ ತೆಳ್ಳಗೆ ಹೆರೆದು, ಬಣ್ಣ ಹಾಕಿ ಗಾಜಿಗೆ ಅಂಟಿಸುವುದು ಅವಳ ಕೆಲಸ. ಅಲ್ಲಿ ನೆಲ ಒರೆಸುತ್ತಿದ್ದ ನಾನೂ ಅವಳೂ ಒಂದೇ ಕಾರ್ಮಿಕ ಸಂಘ. ಮುಷ್ಕರದ ರಸ್ತೆ ತಡೆಗೆ ಜೊತೆಯಲ್ಲಿ ಕಲ್ಲು ಹೊತ್ತವರು. ಆದರೆ ಅವಳ ಬಗ್ಗೆ ನನಗೆ ಹೆಮ್ಮೆ ಇರುವುದು ಕಲ್ಲು ಹೊತ್ತಿದ್ದಕ್ಕಲ್ಲ.

ಮನೆಯಲ್ಲೇ ಬ್ರೆಡ್ ಬೇಯಿಸಿ ಮಾರುವ ಫಿಲಿಪಾಳ ಮೂರು ವರ್ಷದ ಮಗಳು ಲೌರಿಯಾನಾ ತಿಂಗಳುಗಟ್ಟಲೆ ಭೇದಿಯಾಗಿ ಒಣಗಿದ್ದಳು. ರಕ್ತಪರೀಕ್ಷೆಯಲ್ಲಿ ಏನೂ ಸ್ಪಷ್ಟವಾಗಲಿಲ್ಲ. ಅವಳ ಕರುಳಿನ ತುಣುಕಿದ್ದ ಗಾಜನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಡಾಕ್ಟರ್ ಉರ್ಕೀಸೊ, ಕರುಳಿನ ಒಳಪದರದಲ್ಲಿ ಬೆರಳಿನಂತೆ ಎದ್ದು ನಿಲ್ಲಬೇಕಾದವೆಲ್ಲ ಸವೆದಿವೆ, ಇದು ಗೋಧಿ ಆಗದ ರೋಗ ಎಂದು ಫಿಲಿಪಾಳಿಗೆ ಹೇಳಿದರು. ಜೀವಮಾನವಿಡೀ ಬ್ರೆಡ್ ಮುಟ್ಟುವಂತಿಲ್ಲ, ಮನೆಯಲ್ಲಿ ಹಿಟ್ಟಿನ ಧೂಳೂ ಇರಬಾರದು. ಫಿಲಿಪಾ ಒಲೆ ಆರಿಸಬೇಕು.

ಮಧ್ಯಾಹ್ನ ಕಾಸಿಲ್ದಾ ಆ ಗಾಜನ್ನು ತಾನೂ ನೋಡಿದಳು. ನೋಡಿದವಳೇ ಡಾಕ್ಟರ ಕೋಣೆಗೆ ನುಗ್ಗಿದಳು.

"ಡಾಕ್ಟ್ರೇ, ಆ ವರದಿ ತಡೀರಿ. ತುಣುಕು ಓರೆ ಬಿದ್ದಿದೆ."

"ಏನಮ್ಮಾ, ಇನ್ಮೇಲೆ ರೋಗಾನೂ ನೀವೇ ಹೇಳ್ತೀರಾ?"

"ರೋಗ ನೀವ್ ಹೇಳಿ. ಕೊಯ್ದಿದ್ದು ಹೆಂಗಿದೆ ಅಂತ ನಾನ್ ಹೇಳ್ತೀನಿ. ಬುಡದಲ್ಲಿರೋ ಗುಳಿ ನೋಡಿ. ಉದ್ದ ಕೊಳವೆ ಥರ ಕಾಣ್ಬೇಕು, ಇಲ್ಲೆಲ್ಲಾ ಬರೀ ಬಳೆ. ಈರುಳ್ಳಿ ದಂಟು ಅಡ್ಡ ಹೆಚ್ಚಿದ್ರೆ ಅದರ ಉದ್ದ ಕಾಣುತ್ತಾ?"

"ಹೆಚ್ಚಿದೋರ್ಯಾರು?"

"ಇನ್ಯಾರು, ನಿಮ್ಮಜ್ಜಿನಾ? ನಾನೇ. ಮೇಣದಲ್ಲಿ ನಿಲ್ಲಿಸೋ ಬದ್ಲು ಮಲಗಿಸ್ಬಿಟ್ಟಿದೀನಿ."

"ನಮ್ಮಜ್ಜಿಯಾದ್ರೆ ನೆಟ್ಟಗೆ ಹೆಚ್ತಿದ್ಲು," ಎಂದು ಗೊಣಗಿ ಡಾಕ್ಟರು ಒಪ್ಪಿದರು.

ಮೇಣ ಕರಗಿಸಿ, ಭೂತಗನ್ನಡಿ ಹಿಡಿದು, ಉಳಿದ ತುಣುಕನ್ನು ಅಂಚಿನ ಮೇಲೆ ನಿಲ್ಲಿಸಿ ಹೊಸದಾಗಿ ಹೆರೆದಳು. ಈ ಸಲ ಬೆರಳುಗಳು ಎತ್ತರಕ್ಕೆ, ಸಾಲಾಗಿ ನಿಂತಿದ್ದವು. ಅವುಗಳ ಸಂದಿಯಲ್ಲಿ ಕೊಳಕು ನೀರಿನಿಂದ ಬರುವ ಪರೋಪಜೀವಿಗಳ ಹಿಂಡು. ಕೆಲವು ದಿನದ ಔಷಧಿಗೆ ಹೋಗುವಂಥವು.

ಡಾಕ್ಟರು ಬರೆದ ಹೊಸ ವರದಿಯನ್ನು ಅವಳು ಓದಿ ವಾಪಸು ತಳ್ಳಿದಳು.

"ಮೊದಲ್ನೇದು ಓರೆ ಕೊಯ್ದಿದ್ದು ಅಂತ ಬರೀರಿ. ಕೊಯ್ದೋಳ ಹೆಸರೂ ಹಾಕಿ."

"ಸುಮ್ನೆ ಯಾಕ್ರೀ ಮೈಮೇಲೆ ಎಳ್ಕೋತೀರಿ?"

"ನಾಳೆ ಇನ್ಯಾವನೋ ಹಳೇ ಗಾಜು ನೋಡಿ ಮಗು ಬಾಯಿಂದ ಬ್ರೆಡ್ ಕಿತ್ಕೋತಾನೆ. ಬರೀರಿ."

ಬರೆದರು.

ಹೊರಗೆ ಬೆಂಚಿನ ಮೇಲಿದ್ದ ಫಿಲಿಪಾಳಿಗೂ ತಾನೇ ಹೇಳಿದಳು: "ನಿಮ್ಮ ಬ್ರೆಡ್ಡಿಂದೇನೂ ತಪ್ಪಿಲ್ಲ ತಾಯಿ, ತಪ್ಪು ನಂದು. ನೀರು ಕುದಿಸಿ ಕುಡಿಸಿ."

ಫಿಲಿಪಾ ಬಾಯಿಗೆ ಬಂದಂತೆ ಬೈದಳು. ಕಾಸಿಲ್ದಾ ನಿಂತು ಪೂರ್ತಿ ಬೈಸಿಕೊಂಡಳು. ಅಷ್ಟರಲ್ಲಿ ಲೌರಿಯಾನಾ ತಾಯಿಯ ಬಟ್ಟೆಗಂಟಿಗೆ ಕೈಹಾಕಿ ಬ್ರೆಡ್ ಕಚ್ಚುತ್ತಿದ್ದಳು.