ಕಿಟಕಿ ಪಕ್ಕದ ನನ್ನ ಸೀಟು

ಮೈಸೂರಿಗೆ ಹೊರಟ ಶಾಲೆಯ ಪ್ರವಾಸದ ಬಸ್ಸು ಅಕ್ಕಿಆಲೂರಿನ ನಮ್ಮ ಮನೆಯ ಮುಂದೆ ನಿಂತು ಹಾರ್ನ್ ಹೊಡೆದಾಗ ನಾನು ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತಿದ್ದೆ. ಹಿಂದಿನ ದಿನವಷ್ಟೇ ದೊಡ್ಡವಳಾಗಿದ್ದೆ. ಕಿಟಕಿ ಪಕ್ಕದ ನನ್ನ ಸೀಟಿನಲ್ಲಿ ತಂಗಿ ಶೋಭಾ ಹೋಗಿ ಕುಳಿತಳು, ಅದೂ ನನ್ನ ಹೊಸ ಫ್ರಾಕ್ ಹಾಕಿಕೊಂಡು.

ಅವ್ವ ಕೊಬ್ಬರಿ ಬೆಲ್ಲ ಕೊಡುತ್ತ, “ಈಗ ನೀ ಹೊಸ್ತಿಲಾ ದಾಟಂಗಿಲ್ಲ. ಅಳಬ್ಯಾಡ, ಸಂಜಿಮುಂದ ಆರತಿ ಮಾಡಾಕ ಮಂದಿ ಬರ್ತಾರ” ಅಂದಳು.

ಪ್ರವಾಸ ಮುಗಿಸಿ ಬಂದ ಶೋಭಾಳ ಬಾಯಲ್ಲಿ ವಸ್ತುಪ್ರದರ್ಶನದ ತಿರುಗುವ ತೊಟ್ಟಿಲಿನದೇ ಮಾತು. “ಮ್ಯಾಲಿಂದ ನೋಡಿದ್ರ ಮಂದಿ ಇರುವಿ ಹಂಗ ಕಾಣ್ತಾರ, ಅಕ್ಕಾ.” ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.

ಎರಡು ವರ್ಷದ ನಂತರ ಅದೇ ಮಣೆಯ ಮೇಲೆ ಶೋಭಾ ಅಳುತ್ತ ಕುಳಿತಳು. ಆರತಿ ಹಾಡನ್ನು ಎಲ್ಲರಿಗಿಂತ ಜೋರಾಗಿ ಹಾಡಿದವಳು ನಾನು.