ಹಗಲು ಪಾಳಿಯ ಗೋಡೆ

ಗೋಡೆ ಅಂದರೆ ಎಂಥ ಗೋಡೆ ಅಂತೀರಿ! ಹಾರೋಹಳ್ಳಿ ಕಡೆ ಹೊಸದಾಗಿ ಎದ್ದ ಕಾರ್ಖಾನೆಯೊಂದರ ಗೇಟು ದಾಟಿ ಒಳಗೆ ಕಾಲಿಟ್ಟರೆ ಎಡಗಡೆಗೆ, ಒಂದು ಕಿಟಕಿಯಿಲ್ಲದೆ, ಒಂದು ಕಂಬ ಅಡ್ಡ ಬರದೆ, ಬೆಳ್ಳಗೆ ಸುಣ್ಣ ಹೊಡೆಸಿಕೊಂಡು ನನಗಾಗಿಯೇ ಕಾದು ನಿಂತ ಹಾಗಿತ್ತು. ಎರಡು ಲಾರಿಗಳನ್ನು ಹಿಂದೆ ಮುಂದೆ ನಿಲ್ಲಿಸಿದರೂ ಇನ್ನೂ ಮಿಗುವಷ್ಟು ಉದ್ದ. ಅದನ್ನು ಮೊದಲು ನೋಡಿದಾಗ ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದರೆ, ಪಕ್ಕದಲ್ಲಿದ್ದ ವಾಚ್‌ಮನ್‌ಗೂ ಕೇಳಿಸಿತೇನೋ. ಅಲ್ಲಿಯವರೆಗೆ ನಾನು ಬರೆದ ಅತಿ ದೊಡ್ಡ ಚಿತ್ರವೆಂದರೆ ರಾಮನಗರದ ಹೋಟೆಲೊಂದರ ಬಾಗಿಲ ಮೇಲಿನ ತಟ್ಟೆ ಇಡ್ಲಿ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿದ್ದ ಕಾಲ ಅದು. ಮರಳವಾಡಿ ರಸ್ತೆಯಲ್ಲಿ ಹೋದ ವರ್ಷ ರಾಗಿ ಇದ್ದ ಕಡೆ ಈ ವರ್ಷ ತಗಡಿನ ಶೆಡ್ಡು ಇರುತ್ತಿತ್ತು. ರಾಮನಗರದ ಪೇಟೆಗೆ ಫ್ಲೆಕ್ಸ್ ಮೆಷಿನ್ ಬಂದು, ನಾನು ಎರಡು ದಿನ ಕೂತು ಬರೆಯುವ ಬೋರ್ಡನ್ನು ಒಂದು ಟೀ ಕುಡಿದು ಮುಗಿಸುವಷ್ಟರಲ್ಲಿ ಉಗುಳಿಬಿಡುತ್ತಿತ್ತು. ಆದರೆ ಗೋಡೆಯನ್ನು ಮೆಷಿನ್ನೊಳಗೆ ತೂರಿಸಲಿಕ್ಕೆ ಆಗುವುದಿಲ್ಲವಲ್ಲ! ಆ ಕಾರ್ಖಾನೆಯ ಸಾಹೇಬರು ಗೋಡೆಗೆ ಪೇಂಟರನ್ನು ಹುಡುಕುತ್ತಿದ್ದಾರೆ ಅಂತ ಬಣ್ಣದಂಗಡಿಯವರು ಹೇಳಿದ್ದೇ ತಡ, ಕೈಲಾಂಚದ ಮನೆಯಿಂದ ಚಿತ್ರದ ನೋಟ್‌ಬುಕ್ ಎತ್ತಿಕೊಂಡು ಬಸ್ಸು ಹತ್ತಿದ್ದೆ.

ಇಲ್ಲಿ ನನ್ನ ವಿಷಯ ಒಂದಿಷ್ಟು ಹೇಳಿಬಿಡಬೇಕು. ನನ್ನ ಮೈ ನಾನು ಹೇಳದ್ದನ್ನೂ ಮಾಡುತ್ತದೆ. ಕತ್ತು ಎಡಕ್ಕೆ ಸರ್ರನೆ ಎಳೆಯುತ್ತದೆ, ಬಲಗೈ ಹೋಗಿ ತೊಡೆಗೆ ಎರಡು ಏಟು ಹಾಕುತ್ತದೆ, ಅದರ ಹಿಂದೆಯೇ ಬಾಯಿಂದ ‘ಓ!’ ಅಂತ ಒಂದು ಕೂಗು ಬರುತ್ತದೆ. ಹೆಸರು ಹಿಡಿದು ಕರೆದರೆ ನಮ್ಮ ಕಡೆ ‘ಓ’ ಅನ್ನುತ್ತೇವಲ್ಲ, ಅದೇ ಓ. ಯಾರೂ ಕರೆಯದೆ ಓಗೊಡುವವನು ನಾನು. ಸ್ಕೂಲಿನಲ್ಲಿ ಮೇಷ್ಟ್ರು ಹಾಜರಿ ಕರೆಯುವಾಗ, ಮಾವಿನ ತೋಪಿಗೆ ಹೋಗಿ ಕೂತ ಎಷ್ಟೋ ಗೆಳೆಯರಿಗೆ ನನ್ನಿಂದ ಹಾಜರಿ ಬಿದ್ದಿದೆ. ಊರಿನವರಿಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಹೊರಗಿನಿಂದ ಯಾರೇ ಕರೆದರೂ ಮೂರನೇ ಕೂಗಿನವರೆಗೆ ಓ ಅನ್ನಬಾರದು, ದೆವ್ವ ಅಷ್ಟು ಸಲ ಕರೆಯುವುದಿಲ್ಲ ಎಂದು ನಂಬಿದ ಜನ ಅವರು. ಕರೆಯದೆಯೇ ಓ ಅನ್ನುವ ಹುಡುಗನನ್ನು ಏನೆಂದುಕೊಳ್ಳಬೇಕು?

ನನಗೆ ಮಾತು ಕಲಿಸಿದವಳು ಅಜ್ಜಿ. ಅವಳ ಬಾಯಿಗೆ ಎದುರು ನಿಲ್ಲುವವರು ಊರಲ್ಲೇ ಇರಲಿಲ್ಲ. ಒಮ್ಮೆ ಪಕ್ಕದ ಮನೆಯ ಹೆಂಗಸು ಬಂದು, ಹುಡುಗನಿಗೆ ತಾಯಿತ ಕಟ್ಟಿಸು ಅಂದಳು.

“ತಾಯ್ತ ಯಾಕವ್ವ?” ಅಂದಳು ಅಜ್ಜಿ. “ನಿನ್ ಮಗ ನೂರ್ ದಪ ಕರುದ್ರೂ ಓ ಅನ್ನಕ್ಕಿಲ್ಲ. ನನ್ ಮೊಮ್ಮಗ ಕರೀದೇನೇ ಅಂತಾನೆ. ಯಾವುದ್ ವಾಸಿ, ನೀನೇ ಯೋಳು.”

ಬೆಂಗಳೂರಿನ ದೊಡ್ಡಾಸ್ಪತ್ರೆಯ ಡಾಕ್ಟರು ಇದು ಗಾಳಿಯಲ್ಲ, ಹುಚ್ಚೂ ಅಲ್ಲ, ಮೆದುಳಿಗೆ ಸಂಬಂಧಿಸಿದ್ದು, ಹೆಸರು ಟುರೆಟ್ ಅಂತ ಹೇಳುವಷ್ಟರಲ್ಲಿ ನನಗೆ ಮೀಸೆ ಬಂದಿತ್ತು. ಮನೆಗೆ ಬಂದು ಅಜ್ಜಿಗೆ ಹೇಳಿದೆ.

“ಏನಂತೆ? ತುರ್ತಾ?”

“ತುರ್ತಲ್ಲ ಅಜ್ಜಿ, ಟುರೆಟ್ಟು.”

“ಅದೇ ಕಣ್ಲಾ ಮಗ, ತುರ್ತು. ಸರಿಯಾಗೇ ಮಡಗವ್ರೆ ಹೆಸ್ರ. ಬಂದಾಗ ತಡಿಯಕ್ಕಾಗಕ್ಕಿಲ್ವಲ್ಲ ನಿಂಗೆ.”

ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ತುರ್ತು.

ಈ ತುರ್ತನ್ನು ಇಟ್ಟುಕೊಂಡು ಚಿತ್ರ ಬರೆಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದು ಬರುವ ಮುಂಚೆ ಕತ್ತಿನ ಎಡಗಡೆ ಇರುವೆ ಹರಿದ ಹಾಗಾಗುತ್ತದೆ. ಕುಂಚ ಎತ್ತಬೇಕು, ಅದು ಬಂದು ಹೋಗಲು ಬಿಡಬೇಕು, ಮತ್ತೆ ಕುಂಚ ಇಡಬೇಕು. ಎಷ್ಟೋ ಸಲ ಇರುವೆ ಹರಿಯುವುದಿಲ್ಲ, ನೇರ ಏಟೇ. ಅದಕ್ಕೆಂದೇ ಹೆಗಲ ಮೇಲೊಂದು ಒದ್ದೆ ಬಟ್ಟೆ ಇರುತ್ತದೆ, ಒರೆಸಿ ಮುಂದಕ್ಕೆ ಹೋಗುತ್ತೇನೆ. ಇನ್ನು ಕೆಲವು ಹೊತ್ತು, ಬಣ್ಣ ಹರಿಯತೊಡಗಿತೋ, ಮೈ ಸದ್ದಿಲ್ಲದೆ ಕೂತು ತಾನೂ ನೋಡತೊಡಗುತ್ತದೆ. ಆ ಸುಖಕ್ಕೆ ನಾನು ಏನು ಬೇಕಾದರೂ ಕೊಟ್ಟೇನು. ಆದರೆ ಯಾರಾದರೂ ನನ್ನನ್ನು ನೋಡುತ್ತಾ ನಿಂತರೆ ಮುಗಿಯಿತು. ಹಾಗಾಗಿ ಪೇಟೆಯಲ್ಲಿದ್ದ ನನ್ನ ಬೋರ್ಡಂಗಡಿಯ ಶಟರನ್ನು ಅರ್ಧಕ್ಕಿಂತ ಕೆಳಗೆ ಎಳೆದುಕೊಂಡು ಒಳಗೆ ಕೂತೇ ಬರೆಯುತ್ತಿದ್ದೆ. ನನ್ನ ಬೋರ್ಡುಗಳನ್ನು ಪೇಟೆಯೆಲ್ಲ ನೋಡಿತ್ತು. ನಾನು ಕುಂಚ ಹಿಡಿದದ್ದನ್ನು ಒಬ್ಬರೂ ನೋಡಿರಲಿಲ್ಲ.

ಈ ಗೋಡೆಗೆ ಶಟರ್ ಇರಲಿಲ್ಲ.

ಸಾಹೇಬರು ಕುದೂರಿನ ಕಡೆಯವರು, ನಿಧಾನದ ಮನುಷ್ಯ. ನನ್ನ ನೋಟ್‌ಬುಕ್ ತಿರುವುತ್ತಾ, ತಲೆಯೆತ್ತದೆ, ಟೀ ತರುವವನನ್ನು ಹೆಸರು ಹಿಡಿದು ಕೂಗಿದರು.

“ಓ!” ಅಂದೆ ನಾನು.

“ನಿನ್ನ ಹೆಸ್ರೂ ಅದೇನಾ?”

“ಅಲ್ಲ ಸಾ,” ಅಂದು ತುರ್ತಿನ ಕತೆ ಹೇಳಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದು, “ಕೈ ಅಲ್ಲಾಡ್ತದಾ?” ಅಂತ ಕೇಳಿದರು.

“ಕೈ ಅಲ್ಲಾಡ್ತದೆ ಸಾ, ಚಿತ್ರ ಅಲ್ಲಾಡಕ್ಕಿಲ್ಲ.”

ಈ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ! ಮೇಲೆ ‘ಸುರಕ್ಷತೆಯೇ ಮೊದಲು’ ಅಂತ ಬರೆದು ಕೆಳಗೆ ಹೂವೋ ನವಿಲೋ ಹಾಕು ಅಂದರು. ನವಿಲು ಬೇಡ ಸಾ, ಇಲ್ಲಿಗೆ ಬರುವ ಜನರನ್ನೇ ಬರೆಯುತ್ತೇನೆ ಅಂದೆ. ಬೆಳಿಗ್ಗೆ ಹಾಲು ಕರೆದು, ಕ್ಯಾನು ಡೈರಿಗೆ ಹಾಕಿ, ಅದೇ ಬೈಕಿನಲ್ಲಿ ಪಾಳಿಗೆ ಬರುತ್ತಾರಲ್ಲ, ಅದನ್ನು. “ಒಂದಿನ ಬರೆದು ತೋರ್ಸು, ನೋಡಾಣ,” ಅಂದರು.

ಶನಿವಾರ ಬೆಳಿಗ್ಗೆ ಶುರು ಮಾಡಿದೆ. ಗೋಡೆಯ ಮುಂದಿನ ಜಾಗವೇ ಲೋಡಿಂಗ್ ಜಾಗ ಅಂತ ನನಗೆ ಯಾರೂ ಹೇಳಿರಲಿಲ್ಲ. ಲಾರಿಯೊಂದು ಹಿಂದೆ ಹಿಂದೆ ಬರತೊಡಗಿತು. ನಮ್ಮ ಕಡೆ ಹಿಂದಕ್ಕೆ ಬರುವ ಗಾಡಿಯನ್ನು ನಿಲ್ಲಿಸಲು ಕೂಗುವುದು ‘ಓಲ್ಡಾನ್’. ಅದರ ಮೊದಲಕ್ಷರ ಯಾವುದು ನೋಡಿ!

“ಓ!”

ಲಾರಿ ಗಕ್ಕನೆ ನಿಂತಿತು. ಡ್ರೈವರ್ ಕತ್ತು ಹೊರಗೆ ಹಾಕಿದ. “ಏನೈತೆ ಹಿಂದೆ?”

“ಏನಿಲ್ಲ ಅಣ್ಣ, ಬನ್ನಿ.”

ಒಂದು ಮಾರು ಬಂದಿತು. “ಓ!” ಮತ್ತೆ ಬ್ರೇಕು. ಹೀಗೆ ನಾಲ್ಕು ಸಲ ಆದ ಮೇಲೆ ಡ್ರೈವರ್ ಇಳಿದೇ ಬಂದ.

“ಏನ್ಲಾ, ಆಟ ಆಡ್ತಿದ್ದೀಯಾ? ಒಂದ್ ಸಾರಿ ಬಾ ಅಂತೀಯ, ಒಂದ್ ಸಾರಿ ನಿಲ್ಸು ಅಂತೀಯ!”

“ನಾನಲ್ಲ ಅಣ್ಣ, ನನ್ ಬಾಯಿ.”

“ನಿನ್ ಬಾಯಿ ನಿಂದಲ್ದೆ ನಮ್ ಮಾವುಂದಾ?”

ಪ್ಯಾಕಿಂಗ್ ಸೆಕ್ಷನ್ನಿನ ಹೆಂಗಸರು ಬಾಗಿಲಿಗೆ ಬಂದು ನಗತೊಡಗಿದರು. ನಾನು ಹಲ್ಲು ಕಚ್ಚಿ ತುರ್ತನ್ನು ತಡೆದೆ. ಮಾಡಬಾರದ ಕೆಲಸ ಅದೇ. ತಡೆದಷ್ಟೂ ಅದು ಒಲೆಯ ಮೇಲಿನ ಹಾಲಿನಂತೆ ಮೇಲಕ್ಕೇರುತ್ತದೆ. ಉಕ್ಕಿದಾಗ ಕತ್ತು, ಕೈ, ಓ, ಎಲ್ಲ ಒಟ್ಟಿಗೆ ಹಾರಿ, ಕುಂಚದಲ್ಲಿದ್ದ ಹಸಿರು ಬಣ್ಣ ಡ್ರೈವರಣ್ಣನ ಖಾಕಿ ಅಂಗಿಯ ಮೇಲೆ ಬಿತ್ತು.

ಸಂಜೆ ಸಾಹೇಬರು ಕರೆದರು. “ತಪ್ಪು ತಿಳ್ಕೋಬೇಡಪ್ಪ. ಬರ್ದಿರೋದು ಚೆನ್ನಾಗೈತೆ. ಆದ್ರೆ ಹಗಲು ಪಾಳೀಲಿ ಬ್ಯಾಡ. ಭಾನುವಾರ ಬಂದು ಬರ್ಕೊ. ಒಬ್ರೂ ಇರಕ್ಕಿಲ್ಲ, ನಿಂಗೂ ನಿರಾಳ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹೂಂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಕಣ್ಣಿಗೆ ಕಂಡದ್ದು ಇನ್ನೊಂದು ಶಟರು, ಕಾರ್ಖಾನೆಯಷ್ಟು ದೊಡ್ಡದು.

“ಜನ ಇಲ್ದಾಗ ಬಂದು ಜನರನ್ನ ಹೆಂಗೆ ಬರೀಲಿ ಸಾ? ಅವರ ಮುಂದೇನೇ ಬರೀಬೇಕು.”

ಅವರು ಬಹಳ ಹೊತ್ತು ಪೆನ್ನಿನ ಕ್ಯಾಪನ್ನು ಹಾಕಿ ತೆಗೆದು ಮಾಡಿದರು. “ಸೋಮವಾರ ಒಂದಿನ ಕೊಡ್ತೀನಿ. ಲೋಡಿಂಗ್ ಏನಾದ್ರೂ ನಿಂತ್ರೆ, ಹಗಲಲ್ಲಿ ನೀನು ಈ ಗೋಡೆ ಹತ್ರ ಬರಂಗಿಲ್ಲ.”

ಸೋಮವಾರ ಮೊದಲ ಬಸ್ಸಿಗೇ ಹೋದೆ. ಬಸ್ಸಿನಲ್ಲಿ ನನ್ನ ಮೈ ಕುಣಿದ ಕುಣಿತಕ್ಕೆ ಪಕ್ಕದಲ್ಲಿ ಕೂತಿದ್ದ ಅಜ್ಜ ಎದ್ದು ಬೇರೆ ಸೀಟಿಗೆ ಹೋದರು. ಗೋಡೆಯ ಮುಂದೆ ಡಬ್ಬಗಳನ್ನು ಬಿಚ್ಚುತ್ತಿದ್ದೆ, ಅದೇ ಲಾರಿ ಬಂತು, ಅದೇ ಡ್ರೈವರ್. ಅಷ್ಟರಲ್ಲಿ ಮರಳವಾಡಿಯಿಂದ ಬರುವ ಒಬ್ಬ ಹೆಂಗಸು, ಲಾರಿಗೆ ತುಂಬುವ ಪೆಟ್ಟಿಗೆಗಳನ್ನು ಎಣಿಸಿ ಬರೆದುಕೊಳ್ಳುವಾಕೆ, ವಾಚ್‌ಮನ್‌ನ ವಿಷಲ್ಲನ್ನು ಕತ್ತಿಗೆ ತಗುಲಿ ಹಾಕಿಕೊಂಡು ಡ್ರೈವರ್ ಎದುರಿಗೆ ಹೋಗಿ ನಿಂತಳು.

“ಇಲ್ ಕೇಳಣ್ಣ. ಇವತ್ತಿಂದ ಬಾಯ್ ಮಾತಿಲ್ಲ. ವಿಷಲ್ ಊದುದ್ರೆ ನಿಲ್ಸು. ಓ ಅಂತ ಕೇಳುಸ್ತು ಅಂದ್ರೆ ಅದು ಆಯಣ್ಣನ ಬಾಬ್ತು, ನಿಂಗ್ ಸಂಬಂಧ ಇಲ್ಲ.”

“ನೀನ್ಯಾವಾಗಮ್ಮ ಸೂಪರ್‌ವೈಸರ್ ಆದೆ?”

“ನಿನ್ ಕಿವಿಗೆ ಓ ಯಾವುದು, ಓಲ್ಡಾನ್ ಯಾವುದು ಅಂತ ಗೊತ್ತಾಗೋಗಂಟ ನಾನೇಯ.”

ತಾಯಿತ, ಮಾತ್ರೆ, ಹಲ್ಲು ಕಚ್ಚುವುದು, ಎಲ್ಲವೂ ನನ್ನನ್ನು ಸರಿ ಮಾಡಲು. ಲಾರಿಯವರ ಕೂಗನ್ನೇ ಬದಲಾಯಿಸಬಹುದು ಅಂತ ಅಷ್ಟು ವರ್ಷದಲ್ಲಿ ನನಗೆ ಹೊಳೆದಿರಲೇ ಇಲ್ಲ!

ಲಾರಿ ಹಿಂದಕ್ಕೆ ಬಂತು. “ಓ!” ಅಂದೆ. ಬರುತ್ತಲೇ ಇತ್ತು. “ಓ! ಓ!” ಬರುತ್ತಲೇ ಇತ್ತು. ಆಕೆ ವಿಷಲ್ ಊದಿದಳು, ಲಾರಿ ನಿಂತಿತು. ಡ್ರೈವರ್ ಕತ್ತು ಹೊರಗೆ ಹಾಕಿ, “ಕೂಗ್ಕೊಳಪ್ಪ ಗುರುವೇ, ನಂದೇನಿಲ್ಲ! ಬಣ್ಣ ಮಾತ್ರ ಈ ಕಡೀಕ್ ಎರಚ್‌ಬ್ಯಾಡ!” ಅಂದ.

ಮೊದಲ ಒಂದು ಗಂಟೆ ಬಂದುಹೋಗುವವರೆಲ್ಲ ನನ್ನನ್ನೇ ನೋಡಿದರು. ತುರ್ತು ಹೆಚ್ಚಾಯಿತು, ಬಟ್ಟೆಗೆ ಕೆಲಸ ಹೆಚ್ಚಾಯಿತು. ಟೀ ಹೊತ್ತಿಗೆ ನೋಡಿ ನೋಡಿ ಅವರಿಗೆ ಸಾಕಾಯಿತು ಅಂತ ಕಾಣುತ್ತದೆ. ಲೋಟ ಹಿಡಿದುಕೊಂಡು ನನ್ನನ್ನು ಬಿಟ್ಟು ಗೋಡೆ ನೋಡತೊಡಗಿದರು. ಅಲ್ಲಿಂದ ಶುರುವಾಯಿತು ನೋಡಿ.

“ಅಣ್ಣಾ, ಈ ಹಸ ಯಾವೂರ್ದು?” ಅದೇ ಮರಳವಾಡಿಯಾಕೆ.

“ಯಾಕಕ್ಕಾ, ಚೆನ್ನಾಗಿಲ್ವಾ?”

“ಹಾಲು ಕ್ಯಾನಲ್ಲೂ ಐತೆ, ಕೆಚ್ಚಲಲ್ಲೂ ತುಂಬೈತೆ. ಒಂದೇ ಬೆಳಿಗ್ಗೆ ಎರಡ್ ದಪ ಕರ್ದಿದ್ದಾ? ಕರ್ದಾದ್ಮೇಲೆ ಕೆಚ್ಚಲು ಬತ್ತಿರ್ತದೆ ಕಣಣ್ಣ, ಒಸಿ ಇಳಿಸು.”

ನಾನು ಕೈಲಾಂಚದಲ್ಲಿ ಹುಟ್ಟಿ ಬೆಳೆದವನು, ಮನೆಯಲ್ಲೇ ಸೀಮೆಹಸು ಇದೆ, ನನಗೆ ಇದು ತೋಚಲಿಲ್ಲವಲ್ಲ! ಅಲ್ಲೇ ಒರೆಸಿ, ಕೆಚ್ಚಲನ್ನು ಇಳಿಸಿದೆ. ಇನ್ನೊಬ್ಬಳು ಕ್ಯಾನಿನ ಮುಚ್ಚಳಕ್ಕೆ ಸರಪಳಿ ಬೇಕು ಅಂದಳು. ಒಬ್ಬ ತನ್ನ ಗಾಡಿ ಕೆಂಪು, ನೀಲಿಯಲ್ಲ ಅಂದ. ಅದು ಅವನ ಗಾಡಿ ಅಂತ ನಾನೆಲ್ಲಿ ಹೇಳಿದ್ದೆ! ಆದರೂ ಕೆಂಪು ಮಾಡಿದೆ. ಅವರು ಹೇಳುತ್ತಿದ್ದರು, ನಾನು ಬಳಿಯುತ್ತಿದ್ದೆ, ನಡುವೆ ಕತ್ತು ಎಳೆಯುತ್ತಿತ್ತು, ಯಾರೂ ಮಾತು ನಿಲ್ಲಿಸುತ್ತಿರಲಿಲ್ಲ.

ಪಾಳಿ ಬಿಡುವ ಹೊತ್ತಿಗೆ ಸಾಹೇಬರು ಬಂದರು.

“ಲೋಡಿಂಗ್ ಏನಾಯ್ತು?”

“ಮೂರ್ ಗಾಡಿ ಹೋಯ್ತು ಸಾ, ಒಂದೂ ನಿಂತಿಲ್ಲ,” ಅಂದಳು ಮರಳವಾಡಿಯಾಕೆ.

ಸಾಹೇಬರು ಕೈ ಹಿಂದೆ ಕಟ್ಟಿಕೊಂಡು ಗೋಡೆಯ ಉದ್ದಕ್ಕೂ ನಡೆದರು. ನನ್ನ ತೊಡೆಗೆ ಬೀಳುತ್ತಿದ್ದ ಏಟು ನನಗೇ ಕೇಳುತ್ತಿತ್ತು. ಕೆಂಪು ಗಾಡಿಯ ಮುಂದೆ ನಿಂತು ತಿರುಗಿದರು.

“ಏನಯ್ಯ ಇದು? ಮೇಲೆ ಸುರಕ್ಷತೆಯೇ ಮೊದಲು ಅಂತ ಬರ್ದು, ಕೆಳಗೆ ಒಂದೇ ಗಾಡಿ ಮೇಲೆ ಮೂರ್ ಜನ ಕೂರ್ಸಿದ್ದೀಯ!”

“ಹಂಗೇ ಅಲ್ವಾ ಸಾ ಬರೋದು,” ಅಂತ ಹಿಂದಿನಿಂದ ಯಾರೋ ಅಂದರು.

“ಬರ್ತೀರ, ನಂಗೂ ಗೊತ್ತು. ಗೋಡೆ ಮೇಲೆ ಬ್ಯಾಡ. ಒಬ್ಬುನ್ನ ಇಳ್ಸು.”

“ಯಾರನ್ನ ಸಾ?” ಅಂದೆ.

ಅಷ್ಟು ಸಾಕಾಯಿತು. ಮಧ್ಯದವನನ್ನು ಇಳಿಸು ಅಂತ ಕೆಲವರು, ಹಿಂದಿನವನನ್ನು ಅಂತ ಕೆಲವರು, ಗಾಡಿ ನಂದು, ನಾನ್ಯಾಕೆ ಇಳೀಲಿ ಅಂತ ಕೆಂಪು ಗಾಡಿಯವನು. ಗೇಟಿನ ಹೊರಗೆ ಊರಿನ ಬಸ್ಸು ಹಾರನ್ ಹೊಡೆದರೂ ಯಾರೂ ಕದಲಲಿಲ್ಲ. ಸಾಹೇಬರು ಎರಡೂ ಕೈ ಎತ್ತಿದರು.

“ಸಾಕು, ಸಾಕು! ನಾಳೆ ಬೆಳಿಗ್ಗೆ ಪಾಳಿಗೇ ಬಾರಯ್ಯ. ಯಾರನ್ನ ಇಳುಸ್ತೀಯ ಅಂತ ನಾನೂ ನಿಂತ್ಕಂಡು ನೋಡ್ಬೇಕು.”

ಕುಂಚಗಳನ್ನು ತೊಳೆದು ಸುತ್ತಿಟ್ಟೆ. ಇಳಿದವನಿಗೆ ಒಂದು ಸೈಕಲ್ ಬರೆದುಕೊಟ್ಟರಾಯಿತು. ಅದರ ಹಿಂದೆ ಇನ್ನೂ ಯಾರು ಯಾರು ಬರುತ್ತಾರೋ ಬರಲಿ, ಗೋಡೆ ಇನ್ನೂ ಅರ್ಧಕ್ಕಿಂತ ಹೆಚ್ಚು ಬೆಳ್ಳಗಿತ್ತು.